ಪ್ರಶ್ನೆ ಬೇಡ, ದಾಖಲೆಯ ಹೆಸರು ಬರೆಯಿರಿ

ಬೆಂಗಳೂರಿನಲ್ಲಿ ಮೊದಲ ಸಲ ಮಾಹಿತಿ ಹಕ್ಕಿನ ಅರ್ಜಿ ಹಾಕುವವರು ಬಹುಮಟ್ಟಿಗೆ ಒಂದು ಪ್ರಶ್ನಾವಳಿಯನ್ನೇ ಬರೆದುಕೊಂಡು ಹೋಗುತ್ತಾರೆ. ‘ನಮ್ಮ ಅಡ್ಡರಸ್ತೆಗೆ ಹಾಕಿದ ಡಾಂಬರು ಒಂದೇ ಮಳೆಗೆ ಕಿತ್ತುಬಂದದ್ದೇಕೆ? ಗುತ್ತಿಗೆದಾರರ ಮೇಲೆ ಕ್ರಮ ಕೈಗೊಳ್ಳಲಿಲ್ಲವೇಕೆ? ಇದಕ್ಕೆ ಹೊಣೆ ಯಾರು?’ ಆ ಸಿಟ್ಟು ನ್ಯಾಯವಾದದ್ದೇ. ಆದರೆ ತಿಂಗಳು ಕಳೆಯುವ ಹೊತ್ತಿಗೆ ಕೈಗೆ ಬರುವುದು ಎರಡು ಸಾಲಿನ ಹಿಂಬರಹ: ತಾವು ಕೇಳಿರುವುದು ಕಾಯ್ದೆಯಲ್ಲಿ ಹೇಳಿರುವ ‘ಮಾಹಿತಿ’ಯ ವ್ಯಾಪ್ತಿಗೆ ಬರುವುದಿಲ್ಲ. ಅರ್ಜಿದಾರರು ಬೇಸತ್ತು ಅಲ್ಲಿಗೇ ಕೈಬಿಡುತ್ತಾರೆ.

ಕಾನೂನಿನ ಮಟ್ಟಿಗೆ ಆ ಹಿಂಬರಹದಲ್ಲಿ ತಪ್ಪು ಹುಡುಕುವುದು ಕಷ್ಟ. 2005ರ ಮಾಹಿತಿ ಹಕ್ಕು ಕಾಯ್ದೆ ನಮಗೆ ಕೊಟ್ಟಿರುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನು ನೋಡುವ, ನಕಲು ಪಡೆಯುವ ಹಕ್ಕು. ಇಲ್ಲದ ವಿವರಣೆಯನ್ನು ಹೊಸದಾಗಿ ಬರೆದುಕೊಡುವ ಹೊಣೆ ಅಧಿಕಾರಿಗಿಲ್ಲ. ವಿದ್ಯಾರ್ಥಿಗಳಿಗೆ ಅವರ ಉತ್ತರಪತ್ರಿಕೆ ನೋಡುವ ಹಕ್ಕಿದೆ ಎಂದು ಸಾರಿದ 2011ರ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಈ ಮಾತನ್ನೂ ಸ್ಪಷ್ಟಪಡಿಸಿತು. ಹಾಗಾಗಿ ನಗರದ ದಾಖಲೆ ಬೇಕೆನ್ನುವವರು ಮೊದಲು ಕಲಿಯಬೇಕಾದದ್ದು ಸೆಕ್ಷನ್‌ಗಳನ್ನಲ್ಲ, ಕಚೇರಿಯೊಳಗೆ ಕಾಗದಗಳಿಗೆ ಇರುವ ಹೆಸರುಗಳನ್ನು.

ಅದೇ ಅಡ್ಡರಸ್ತೆಯ ಬಗ್ಗೆ ಹೀಗೆ ಬರೆದು ನೋಡಿ: ಈ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಯಾದ ಬಿಲ್ಲುಗಳು, ಗುಣಮಟ್ಟ ಪರೀಕ್ಷೆಯ ವರದಿ, ಇವುಗಳ ದೃಢೀಕೃತ ನಕಲು ಕೊಡಿ. ಇವುಗಳಲ್ಲಿ ಅಳತೆ ಪುಸ್ತಕಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಎಂಜಿನಿಯರುಗಳ ಬಾಯಲ್ಲಿ ಅದು ‘ಎಂ.ಬಿ.’. ರಸ್ತೆಯ ಉದ್ದ, ಅಗಲ, ಹಾಕಿದ ಡಾಂಬರಿನ ದಪ್ಪ ಎಲ್ಲವನ್ನೂ ಅಳೆದು ಸಹಿ ಹಾಕಿ ಬರೆಯುವುದು ಅಲ್ಲೇ. ಬಿಲ್ಲು ಹುಟ್ಟುವುದು ಅದರಿಂದಲೇ. ಟೇಪು ಹಿಡಿದು ರಸ್ತೆಗಿಳಿದರೆ ಬರೆದದ್ದಕ್ಕೂ ಇದ್ದದ್ದಕ್ಕೂ ಎಷ್ಟು ಅಂತರವೆಂದು ಯಾರಿಗಾದರೂ ತಿಳಿಯುತ್ತದೆ. ಇನ್ನೂ ಮುಂದಕ್ಕೆ ಹೋಗಬಹುದು. ಕಾಮಗಾರಿಯಲ್ಲಿ ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿಯನ್ನೇ ಕೇಳಲು ಕಾಯ್ದೆಯ 2(ಜೆ) ಸೆಕ್ಷನ್ ಅವಕಾಶ ಕೊಟ್ಟಿದೆ. ಆ ಹಕ್ಕನ್ನು ಬಳಸಿಕೊಂಡವರು ಬಹಳ ಕಡಿಮೆ. ಈ ಕಾಯ್ದೆ ಹುಟ್ಟಿದ್ದಾದರೂ ಇಂಥ ಕಾಗದಗಳಿಂದಲೇ. ತೊಂಬತ್ತರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಅರುಣಾ ರಾಯ್ ಮತ್ತು ಅವರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಹಾಜರಿಪಟ್ಟಿ, ಬಿಲ್ಲುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿಸಿದರು. ಕಟ್ಟದ ಕಟ್ಟಡ, ದುಡಿಯದವರ ಕೂಲಿ ಎಲ್ಲವೂ ಕೇಳಿದವರಿಗೆ ಅಲ್ಲೇ ಗೊತ್ತಾಯಿತು.

ದಾಖಲೆಯ ಹೆಸರು ಹಿಡಿದು ಕೇಳುವುದಕ್ಕೆ ಕರ್ನಾಟಕದಲ್ಲಿ ಇನ್ನೊಂದು ಕಾರಣವೂ ಇದೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಈ ಮಿತಿ ನನಗೆ ಒಪ್ಪಿಗೆಯಿಲ್ಲ. ಬರೆದು ಅಭ್ಯಾಸವಿಲ್ಲದ ಬಡವರಿಗೆ ಇದು ಅನ್ಯಾಯ. ಆದರೂ ನಿಯಮ ಇರುವವರೆಗೆ ಐದು ದಾಖಲೆಗಳ ಹೆಸರಿಗೆ ಅಷ್ಟು ಪದ ಧಾರಾಳ. ಹತ್ತು ರೂಪಾಯಿ ಶುಲ್ಕ, ನಕಲಿಗೆ ಪುಟಕ್ಕೆ ಎರಡು ರೂಪಾಯಿ. ಯಾಕೆ ಬೇಕು ಎಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ಕೌಂಟರಿನಲ್ಲಿ ಕೇಳಿದರೆ ಸೆಕ್ಷನ್ 6(2) ನೋಡಿ ಎಂದು ವಿನಯದಿಂದಲೇ ಹೇಳಬಹುದು. ತಪ್ಪು ಕಚೇರಿಗೆ ಕೊಟ್ಟ ಅರ್ಜಿಯನ್ನು ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರದೇ ಕೆಲಸ. ಮೂವತ್ತು ದಿನ ದಾಟಿದ ಮೇಲೆ ಕೊಡುವ ಮಾಹಿತಿಗೆ ಹಣ ಕೇಳುವಂತಿಲ್ಲ. ಮುದ್ದಾಂ ಕೊಟ್ಟರೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಹೊರಡಬೇಡಿ.

ನಕಲಿಗಿಂತಲೂ ಒಳ್ಳೆಯ ದಾರಿ ಕಡತವನ್ನೇ ಕೂತು ನೋಡುವುದು. ಪರಿಶೀಲನೆ ಬೇಕೆಂದು ಅರ್ಜಿಯಲ್ಲೇ ಬರೆದರೆ ಕಚೇರಿ ದಿನ, ಸಮಯ ಕೊಡಬೇಕು. ಮೊದಲ ಒಂದು ಗಂಟೆಗೆ ಶುಲ್ಕವಿಲ್ಲ. ಇನ್ನೂರು ಪುಟದ ಕಡತದಲ್ಲಿ ನಮಗೆ ಬೇಕಾದದ್ದು ಆರು ಪುಟ ಇರಬಹುದು, ಅದು ಯಾವುದೆಂದು ಹೊರಗೆ ನಿಂತು ಗೊತ್ತಾಗುವುದಿಲ್ಲ. ಕಡತದ ಟಿಪ್ಪಣಿ ಹಾಳೆಯನ್ನು ತಪ್ಪದೆ ಓದಬೇಕು. ವಿಷಯ ನಿರ್ವಾಹಕರು ಏನು ಬರೆದರು, ಯಾವ ಕಿರಿಯ ಎಂಜಿನಿಯರ್ ಆಕ್ಷೇಪ ಎತ್ತಿದರು, ಅದನ್ನು ಬದಿಗಿಟ್ಟು ಮೇಲೆ ಸಹಿ ಹಾಕಿದವರು ಯಾರು ಎಂಬುದೆಲ್ಲ ಆ ಹಾಳೆಯಲ್ಲಿರುತ್ತದೆ. ಕಾಯ್ದೆ ಬಂದ ಮರುವರ್ಷವೇ, 2006ರಲ್ಲಿ, ಈ ಟಿಪ್ಪಣಿಗಳನ್ನು ಕಾಯ್ದೆಯಿಂದ ಹೊರಗಿಡಲು ಕೇಂದ್ರ ಸರ್ಕಾರ ಹೊರಟಿತ್ತು. ದೇಶದ ತುಂಬ ಜನ ಪ್ರತಿಭಟಿಸಿದ್ದರಿಂದ ಹಿಂದೆ ಸರಿಯಿತು. ಆ ಹಾಳೆಗಳಲ್ಲಿ ಪ್ರಾಮಾಣಿಕ ನೌಕರರ ಧೈರ್ಯವೂ ದಾಖಲಾಗಿರುತ್ತದೆ. ಅವುಗಳನ್ನು ಓದುವವರಿದ್ದಾರೆ ಎಂಬುದೇ ಅಂಥವರಿಗೆ ಆಸರೆ.

ಜಮೀನು, ನಿವೇಶನದ ವಿಷಯಕ್ಕೆ ಬಂದರೆ ಅರ್ಜಿಯ ಅಗತ್ಯವೇ ಇಲ್ಲದಷ್ಟು ದಾಖಲೆ ತೆರೆದಿದೆ. ಪಹಣಿ, ಮ್ಯುಟೇಷನ್ ‘ಭೂಮಿ’ಯಲ್ಲಿ ಸಿಗುತ್ತವೆ. ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ., ‘ಕಾವೇರಿ’ಯಲ್ಲಿ 2004ರಿಂದ ಈಚಿನದು ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಇಷ್ಟನ್ನು ಮನೆ ಕೊಳ್ಳುವವರೆಲ್ಲ ಮಾಡುತ್ತಾರೆ. ಆದರೆ ಹಳೆಯ ಗ್ರಾಮ ನಕ್ಷೆಯನ್ನು ನೋಡುವವರು ವಿರಳ, ಮತ್ತು ಈ ನಗರದಲ್ಲಿ ಅದಕ್ಕಿಂತ ಮುಖ್ಯವಾದ ಕಾಗದ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ. ಇಂದಿನ ಬೆಂಗಳೂರಿನ ಬಹುಭಾಗ ನಿನ್ನೆಯವರೆಗೆ ಹಳ್ಳಿಗಳೇ ಆಗಿತ್ತು. 2007ರಲ್ಲಿ ಬಿಬಿಎಂಪಿ ರಚನೆಯಾದಾಗ ನೂರಕ್ಕೂ ಹೆಚ್ಚು ಹಳ್ಳಿಗಳು ಒಮ್ಮೆಲೇ ಪಾಲಿಕೆಗೆ ಸೇರಿದವು. ಆ ಹಳ್ಳಿಗಳ ಕೆರೆ, ಕೋಡಿ, ರಾಜಕಾಲುವೆ, ಬಂಡಿದಾರಿಗಳೆಲ್ಲ ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರಿನ ಸಮೇತ ಇವೆ. ಭೂಮಾಪನ ಇಲಾಖೆಯ ಜಾಲತಾಣದಿಂದ ಅವನ್ನು ಇಳಿಸಿಕೊಳ್ಳಬಹುದು. ‘ದಿಶಾಂಕ್’ ಆ್ಯಪ್‌ನಲ್ಲಿ ನಾವು ನಿಂತ ಜಾಗದ ಸರ್ವೆ ನಂಬರೂ ಕಾಣುತ್ತದೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಿದ್ದನ್ನು ನಾಡು ನೋಡಿತು. ನೀರು ತನ್ನ ಹಳೆಯ ದಾರಿಯನ್ನೇ ಹಿಡಿದಿತ್ತು, ಆ ದಾರಿ ನಕ್ಷೆಯಲ್ಲಿತ್ತು. ಜೀವಮಾನದ ಉಳಿತಾಯ ಸುರಿದು ಮನೆ ಕೊಳ್ಳುವ ಮುನ್ನ ಆ ನಕ್ಷೆಯನ್ನು ಬಿಡಿಸಿ ನೋಡಿ ಎಂದು ಪರಿಚಯದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಖಾತೆ ಇದೆಯಲ್ಲ ಎಂದು ಹೆಚ್ಚಿನವರು ಸಮಾಧಾನಪಡುತ್ತಾರೆ. ತೆರಿಗೆ ಕಟ್ಟುವವರು ಯಾರೆಂದು ಖಾತೆ ಹೇಳುತ್ತದೆ, ಅದು ಹಕ್ಕುಪತ್ರವಲ್ಲ.

ಎಲ್ಲ ಸರಿಯಾಗಿ ಕೇಳಿದ ಮೇಲೂ ಬರುವ ಒಂದು ಉತ್ತರವಿದೆ: ‘ಕಡತ ಲಭ್ಯವಿರುವುದಿಲ್ಲ.’ ಇದನ್ನು ಒಪ್ಪಿಕೊಂಡು ಸುಮ್ಮನಾಗಬಾರದು. ಮಾಹಿತಿ ನಿರಾಕರಿಸಬಹುದಾದ ಕಾರಣಗಳನ್ನು ಕಾಯ್ದೆ ಪಟ್ಟಿ ಮಾಡಿದೆ, ಕಳೆದುಹೋಗಿದೆ ಎಂಬುದು ಆ ಪಟ್ಟಿಯಲ್ಲಿಲ್ಲ. ಒಮ್ಮೆ ಕಚೇರಿಯಲ್ಲಿದ್ದ ದಾಖಲೆ ಸಿಗುತ್ತಿಲ್ಲವೆಂದರೆ ಶ್ರದ್ಧೆಯಿಂದ ಹುಡುಕಬೇಕು, ಸಿಗದಿದ್ದರೆ ವಿಚಾರಣೆ ನಡೆಸಿ ಹೊಣೆ ಯಾರದೆಂದು ನಿಗದಿ ಮಾಡಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ. ಕಡತ ಯಾರ ಮೇಜಿನಿಂದ ಯಾರ ಮೇಜಿಗೆ ಹೋಯಿತೆಂದು ಬರೆದಿಡುವ ಚಲನವಲನ ವಹಿಯ ನಕಲನ್ನು ಮುಂದಿನ ಅರ್ಜಿಯಲ್ಲಿ ಕೇಳಿ. ಕಳೆದುಹೋದ ಕಡತಗಳು ಅದರಿಂದಾಗಿ ಸಿಕ್ಕಿದ್ದುಂಟು. ಸಿಗದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೂವತ್ತು ದಿನದೊಳಗೆ ಪ್ರಥಮ ಮೇಲ್ಮನವಿ, ಆಮೇಲೆ ತೊಂಬತ್ತು ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ಹಾಕಲು ಆಯೋಗಕ್ಕೆ ಅಧಿಕಾರವಿದೆ. ಆದರೆ ಅಲ್ಲಿ ಸರದಿ ಉದ್ದ. ತಡವಾಗಿ ಬಂದ ದಾಖಲೆಯಿಂದ ಅಷ್ಟರಲ್ಲಿ ಮುಚ್ಚಿಹೋದ ಕಾಲುವೆ ತೆರೆಯುವುದಿಲ್ಲ.

ಅಧಿಕಾರಿಗಳ ಕಡೆಯ ಮಾತನ್ನೂ ಕೇಳಬೇಕು. ಮಾಹಿತಿ ಪಡೆದು ಬೆದರಿಸಿ ಹಣ ಕೀಳುವವರು ಇದ್ದಾರೆ ಎಂಬ ಅವರ ದೂರು ಸುಳ್ಳಲ್ಲ. ಮಾಹಿತಿ ಕೇಳಿದ್ದಕ್ಕೆ ಪ್ರಾಣ ಕಳೆದುಕೊಂಡವರೂ ಇದೇ ರಾಜ್ಯದಲ್ಲಿದ್ದಾರೆ. ಎರಡಕ್ಕೂ ಮದ್ದು ಒಂದೇ: ದಾಖಲೆಯನ್ನು ಯಾರೂ ಕೇಳುವ ಮೊದಲೇ ಪ್ರಕಟಿಸುವುದು. ಎಲ್ಲರ ಕಣ್ಣಮುಂದಿರುವ ಬಿಲ್ಲನ್ನು ತೋರಿಸಿ ಯಾರನ್ನೂ ಬೆದರಿಸಲಾಗದು, ಅದನ್ನು ಕೇಳಿದರೆಂದು ಯಾರನ್ನೂ ಕೊಲ್ಲಬೇಕಾಗದು. ಕಾಯ್ದೆಯ ನಾಲ್ಕನೇ ಸೆಕ್ಷನ್ ಇದನ್ನು ಇಪ್ಪತ್ತು ವರ್ಷಗಳ ಹಿಂದೆಯೇ ಕಡ್ಡಾಯ ಮಾಡಿದೆ.

ಈ ನಡುವೆ ಒಂದು ಬಾಗಿಲು ಕಿರಿದಾಗಿದೆ. ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ 8(1)(ಜೆ) ಸೆಕ್ಷನ್ನನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬದಲಿಸಿತು, ಆ ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಗೆ ಬಂತು. ಹಿಂದೆ ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ, ಖಾಸಗಿತನಕ್ಕೆ ಅನಗತ್ಯವಾಗಿ ಕೈಹಾಕುವ ಮಾಹಿತಿಯನ್ನಷ್ಟೇ ಆ ಸೆಕ್ಷನ್ನಿನಡಿ ನಿರಾಕರಿಸಬಹುದಿತ್ತು. ಈಗ ‘ವೈಯಕ್ತಿಕ’ ಎಂಬ ಒಂದು ಪದವೇ ಸಾಕು. ಫಲಾನುಭವಿಗಳ ಪಟ್ಟಿಗೂ ಬಿಲ್ಲಿನ ಕೆಳಗಿನ ಸಹಿಗೂ ಈ ಪದ ಅಂಟಿಸುವವರು ಬಂದೇ ಬರುತ್ತಾರೆ. ಸದ್ಯಕ್ಕೆ 8(2) ಉಳಿದಿದೆ: ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು. ಕಾರಣ ಬರೆಯುವ ಅಗತ್ಯವಿಲ್ಲದ ಕಾಯ್ದೆಯಲ್ಲೂ ಇನ್ನುಮುಂದೆ ಹೆಸರು, ಸಹಿ ಇರುವ ದಾಖಲೆ ಕೇಳುವಾಗ ಸಾರ್ವಜನಿಕ ಹಿತ ಏನೆಂದು ಒಂದು ಸಾಲು ಬರೆಯುವುದು ಲೇಸು.

ಬೆಂಗಳೂರಿಗರಿಗೆ ಇದೀಗ ಇನ್ನೊಂದು ತುರ್ತೂ ಇದೆ. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದವು. ಅದಕ್ಕೂ ಮೊದಲೇ, 2020ರ ಸೆಪ್ಟೆಂಬರಿನಿಂದ, ಚುನಾಯಿತ ಕಾರ್ಪೊರೇಟರ್ ಇಲ್ಲದ ನಗರ ಇದು. ನಾಗರಿಕರ ಪರವಾಗಿ ಕಡತ ತರಿಸಿ ನೋಡುವ ವಾರ್ಡಿನ ಪ್ರತಿನಿಧಿಯೇ ಇರಲಿಲ್ಲ. ವಲಯ, ವಿಭಾಗಗಳ ಗಡಿ ಬದಲಾದಾಗ ಕಪಾಟುಗಳೂ ಸ್ಥಳ ಬದಲಿಸುತ್ತವೆ. ಅಂಥ ಹೊತ್ತಿನಲ್ಲಿ ಕಾಣೆಯಾದ ಕಡತಕ್ಕೆ ಹಳೆಯ ಕಚೇರಿ ಹೊಸದನ್ನೂ, ಹೊಸದು ಹಳೆಯದನ್ನೂ ತೋರಿಸುತ್ತದೆ. ಯಾವ ವಿಭಾಗದಿಂದ ಯಾವ ಪಾಲಿಕೆಗೆ ಯಾವ ಕಡತಗಳು ಹೋದವು, ಕೊಟ್ಟವರು ಯಾರು, ಪಡೆದವರು ಯಾರು ಎಂಬ ಹಸ್ತಾಂತರ ಪಟ್ಟಿ ಪ್ರತಿ ಕಚೇರಿಯಲ್ಲೂ ಇರಬೇಕು. ನಿಮ್ಮ ವಾರ್ಡಿನ ಎಂಜಿನಿಯರಿಂಗ್ ವಿಭಾಗದ ಆ ಪಟ್ಟಿಯ ದೃಢೀಕೃತ ನಕಲನ್ನು ಈ ತಿಂಗಳೇ ಕೇಳಿ. ಒಂದೇ ವಿಷಯ, 150 ಪದದೊಳಗೆ ಮುಗಿಯುತ್ತದೆ, ಹತ್ತು ರೂಪಾಯಿ. ಪಟ್ಟಿಯನ್ನೇ ಮಾಡಿಲ್ಲವೆಂದು ಉತ್ತರ ಬಂದರೆ ಆ ಹಿಂಬರಹವನ್ನು ಜೋಪಾನವಾಗಿಡಿ. ಮುಂದೆ ಕಡತ ಲಭ್ಯವಿಲ್ಲವೆಂದು ಯಾರಾದರೂ ಹೇಳಿದಾಗ ಮೇಲ್ಮನವಿಯ ಜೊತೆ ಲಗತ್ತಿಸಲು ಅದು ಬೇಕಾಗುತ್ತದೆ.