ಅವರ ಕಾಲದ ನ್ಯಾಯ

2020ರ ಜೂನ್ ತಿಂಗಳಿನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿರುವ ವಿನ್‌ಸ್ಟನ್ ಚರ್ಚಿಲ್ಲರ ಪ್ರತಿಮೆಯ ಪೀಠದ ಮೇಲೆ, ಅಲ್ಲಿರುವ ಅವರ ಹೆಸರಿನ ಕೆಳಗೆ, ಪ್ರತಿಭಟನೆಗೆಂದು ನೆರೆದಿದ್ದವರಲ್ಲಿ ಯಾರೋ ಒಬ್ಬರು ‘ಜನಾಂಗದ್ವೇಷಿಯಾಗಿದ್ದ’ ಎಂದು ಬಣ್ಣದಿಂದ ಬರೆದುಬಿಟ್ಟರು. ದೊಡ್ಡ ಗದ್ದಲವಾಯಿತು, ಪ್ರತಿಮೆಯನ್ನು ಕೆಲವು ದಿವಸ ಆವರಣ ಕಟ್ಟಿ ಮರೆಮಾಡಬೇಕಾಯಿತು. ಆಗ ಚರ್ಚಿಲ್ಲರ ಪಕ್ಷವನ್ನು ವಹಿಸಿದವರು ಆಡಿದ ಮಾತೊಂದು ಅಲ್ಲಿಂದೀಚೆಗೆ ನಮ್ಮಲ್ಲಿಯೂ, ಸಭೆಗಳಲ್ಲಿ, ಪತ್ರಿಕೆಗಳಲ್ಲಿ, ಊಟವಾದಮೇಲಿನ ಹರಟೆಯಲ್ಲಿ, ವಿವೇಕದ ಕೊನೆಯ ಮಾತೆಂಬಂತೆ ಸಲ್ಲುತ್ತಿದೆ: ಅವರು ಅವರ ಕಾಲದ ಮನುಷ್ಯರು, ಯುದ್ಧಕಾಲದ ನಾಯಕರನ್ನು ಅವರವರ ಯುಗದ ಅಳತೆಯಿಂದಲೇ ಅಳೆಯತಕ್ಕದ್ದು, ನಮ್ಮದರಿಂದಲ್ಲ.

ಈ ಸೂತ್ರವನ್ನು ನಾನು ಒಪ್ಪುತ್ತೇನೆ. ನನ್ನ ಜಗಳವಿರುವುದು ಅದನ್ನು ಉಚ್ಚರಿಸಿ ಅಲ್ಲಿಗೇ ನಿಲ್ಲಿಸಿಬಿಡುವವರ ಸಂಗಡ. ಗಜಕಡ್ಡಿಯನ್ನು ಕೈಯಲ್ಲಿ ಹಿಡಿದು, ಅಳೆಯದೆಯೇ ಬಟ್ಟೆಯನ್ನು ಮಡಿಸಿ ಗಿರಾಕಿಯ ಕೈಗಿಡುವ ವರ್ತಕನಂತೆ, ಇವರು ‘ಆ ಕಾಲದ ಅಳತೆ’ ಎಂದು ಹೇಳುವರೇ ಹೊರತು ಆ ಕಾಲಕ್ಕೆ ಹೋಗಿ ಅಲ್ಲಿ ಯಾರು ಏನೆಂದರೆಂಬುದನ್ನು ವಿಚಾರಿಸುವ ಶ್ರಮವನ್ನು ತೆಗೆದುಕೊಳ್ಳುವುದಿಲ್ಲ. ವಿಚಾರಿಸಿದರೆ ತಿಳಿಯುವುದು ಇಷ್ಟು: ಯಾವ ಕಾಲಕ್ಕೂ ಒಂದೇ ಮನಸ್ಸು ಇರಲಿಲ್ಲ, ಬಾಂಬು ಹಾಕಿಸಿದವನು ಆ ಕಾಲದವನಾದರೆ ಅದು ಬೇಡವೆಂದವನೂ, ಅದರ ಕೆಳಗೆ ಸತ್ತವನೂ ಅದೇ ಕಾಲದವರು, ಮತ್ತು ಚರ್ಚಿಲ್ಲರ ಸಂಗತಿಯಲ್ಲಿ, ಅವರ ಕಾಲದ ತೀರ್ಪು ನಮ್ಮ ಕಾಲದ ತೀರ್ಪಿಗಿಂತ ಅನೇಕ ಕಡೆ ಕಠಿನವಾಗಿದೆ.

ಮೊದಲು ಆ ಸೂತ್ರದಲ್ಲಿರುವ ಸತ್ಯಾಂಶಕ್ಕೆ ಸಲ್ಲಬೇಕಾದುದನ್ನು ಸಲ್ಲಿಸೋಣ. ಮುಂದೆ ಏನಾಯಿತೆಂಬುದನ್ನು ಬಲ್ಲ ನಾವು, ಮುಂದೆ ಏನಾಗುವುದೆಂಬುದನ್ನು ಅರಿಯದೆ ರಾತ್ರೋರಾತ್ರಿ ನಿರ್ಣಯ ಕೈಗೊಳ್ಳಬೇಕಾಗಿದ್ದವರ ಮೇಲೆ ನ್ಯಾಯಾಧೀಶರಾಗಿ ಕೂರುವುದು ಸುಲಭ. 1940ರ ಬೇಸಗೆಯಲ್ಲಿ ಫ್ರಾನ್ಸ್ ಬಿದ್ದಿತು. ನವೆಂಬರಿನಲ್ಲಿ ಕೊವೆಂಟ್ರಿ ನಗರದ ನಡುಭಾಗ ಒಂದೇ ರಾತ್ರಿಯಲ್ಲಿ ಸುಟ್ಟು ಹೋಯಿತು. ಜರ್ಮನಿಯ ನೆಲವನ್ನು ಮುಟ್ಟಬಲ್ಲ ಆಯುಧವೆಂದರೆ ಬ್ರಿಟನ್ನಿನ ಕೈಯಲ್ಲಿ ಬಾಂಬು ವಿಮಾನವೊಂದೇ ಉಳಿದಿತ್ತು. ಹಗಲಿನಲ್ಲಿ ಹೋದರೆ ವಿಮಾನಗಳು ಹಿಂದಿರುಗುತ್ತಿರಲಿಲ್ಲ, ಇರುಳಿನಲ್ಲಿ ಹೋದರೆ ಗುರಿ ಕಾಣುತ್ತಿರಲಿಲ್ಲ. 1941ರ ಆಗಸ್ಟಿನಲ್ಲಿ ಛಾಯಾಚಿತ್ರಗಳನ್ನು ಪರೀಕ್ಷಿಸಿ ಸಿದ್ಧಪಡಿಸಿದ ಬಟ್ ವರದಿಯ ಪ್ರಕಾರ, ಗುರಿಗೆ ಬಾಂಬು ಹಾಕಿ ಬಂದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರರಲ್ಲೊಂದು ಮಾತ್ರ ಗುರಿಯ ಐದು ಮೈಲಿಗಳೊಳಗೆ ಹೋಗಿದ್ದಿತು. ಕಾರ್ಖಾನೆಗೆ ತಾಗಿಸಲಾರದವರು ಊರಿಗೆ ತಾಗಿಸುವುದೆಂದು ನಿಶ್ಚಯಿಸಿದರು. 1942ರ ಫೆಬ್ರವರಿ 14ರ ಆಜ್ಞೆ ಶತ್ರುದೇಶದ ನಾಗರಿಕರ, ಅದರಲ್ಲಿಯೂ ಕಾರ್ಮಿಕರ, ಧೈರ್ಯವನ್ನು ಮುರಿಯುವುದನ್ನೇ ವಾಯುಪಡೆಯ ಉದ್ದೇಶವನ್ನಾಗಿ ವಿಧಿಸಿತು. ಆ ಇಕ್ಕಟ್ಟಿನಲ್ಲಿ ಸಿಕ್ಕಿದವರನ್ನು ಕುರಿತು ನಾನು ಹಗುರವಾಗಿ ಮಾತನಾಡಲಾರೆ. ಅವರಿಗೆ ತಿಳಿಯದಿದ್ದುದಕ್ಕಾಗಿ, ತಿಳಿಯಲು ಶಕ್ಯವಿಲ್ಲದಿದ್ದುದಕ್ಕಾಗಿ, ಅವರನ್ನು ದೂಷಿಸುವುದು ಅನ್ಯಾಯ. ಆದರೆ ‘ಅವರಿಗೆ ಗೊತ್ತಿರಲಿಲ್ಲ’ ಎಂಬುದು ಒಂದು ವಾದ, ‘ಆ ಕಾಲದಲ್ಲಿ ಅದು ತಪ್ಪೆಂದು ಯಾರಿಗೂ ತೋರಿರಲಿಲ್ಲ’ ಎಂಬುದು ಬೇರೊಂದು ವಾದ. ಮೊದಲನೆಯದು ಸಿದ್ಧವಾದಾಗ ಎರಡನೆಯದೂ ಸಿದ್ಧವಾಯಿತೆಂದು ಎಣಿಸುವುದರಲ್ಲಿಯೇ ಎಲ್ಲ ಎಡವಟ್ಟೂ ಇದೆ.

ಕಾಲವೆಂಬುದು ಏಕಶಿಲೆಯಲ್ಲವೆಂಬುದಕ್ಕೆ ನನಗೆ ಬಹಳ ಪ್ರಿಯವಾದ ದೃಷ್ಟಾಂತವೊಂದುಂಟು. ಥುಸಿಡಿಡೀಸನು ಬರೆದಿರುವ ಗ್ರೀಕರ ಯುದ್ಧದ ಇತಿಹಾಸದಲ್ಲಿ ಅದು ಬರುತ್ತದೆ. ಕ್ರಿ.ಪೂ. 427ರಲ್ಲಿ ಲೆಸ್ಬಾಸ್ ದ್ವೀಪದ ಮಿಟಿಲೀನ್ ಪಟ್ಟಣದವರು ಅಥೆನ್ಸಿನ ವಿರುದ್ಧ ದಂಗೆಯೆದ್ದು ಸೋತರು. ಸಿಟ್ಟಿಗೆದ್ದ ಅಥೆನ್ಸಿನ ಜನಸಭೆ, ಪಟ್ಟಣದ ವಯಸ್ಕ ಗಂಡಸರೆಲ್ಲರನ್ನೂ ಕೊಂದು ಹೆಂಗಸರನ್ನೂ ಮಕ್ಕಳನ್ನೂ ದಾಸ್ಯಕ್ಕೆ ಮಾರತಕ್ಕದ್ದೆಂದು ನಿರ್ಣಯಿಸಿ, ಆ ಆಜ್ಞೆಯನ್ನು ಹೊತ್ತ ಹಡಗನ್ನು ಅಲ್ಲಿದ್ದ ಸೇನಾನಿ ಪಾಕಿಸನ ಬಳಿಗೆ ಅಂದೇ ಕಳುಹಿಸಿತು. ಬೆಳಗಾಗುವಷ್ಟರಲ್ಲಿ ಊರಿನ ಮನಸ್ಸು ತಿರುಗಿತು. ಅಪರಾಧಿಗಳಿಗೆ ಮಾತ್ರವಲ್ಲದೆ ಇಡೀ ಪಟ್ಟಣಕ್ಕೇ ಮರಣವೆಂಬುದು ಘೋರವೆಂದು ತೋರಿ ಸಭೆ ಮತ್ತೆ ಸೇರಿತು. ಕ್ಲಿಯಾನನು ಹಿಂದಿನ ದಿನದ ನಿರ್ಣಯದ ಪರವಾಗಿ ಗುಡುಗಿದನು. ಡಿಯೊಡೋಟಸನು ಕರುಣೆಯ ಹೆಸರನ್ನೆತ್ತದೆ, ರಾಜ್ಯದ ಹಿತವೊಂದನ್ನೇ ಮುಂದಿಟ್ಟುಕೊಂಡು ಅದನ್ನು ಖಂಡಿಸಿದನು. ಎತ್ತಿದ ಕೈಗಳು ಎರಡು ಕಡೆಗೂ ಹೆಚ್ಚು ಕಡಿಮೆ ಸಮನಾಗಿದ್ದವು. ಕೂದಲೆಳೆಯ ಅಂತರದಲ್ಲಿ ಡಿಯೊಡೋಟಸನು ಗೆದ್ದನು. ಸುಮಾರು ಒಂದು ಹಗಲು ಒಂದು ಇರುಳಿನಷ್ಟು ಮುಂದೆ ಹೋಗಿದ್ದ ಮೊದಲ ಹಡಗನ್ನು ಹಿಡಿಯಲು ಎರಡನೆಯ ಹಡಗು ಹೊರಟಿತು. ಮಿಟಿಲೀನಿನ ದೂತರು ಅದರ ಅಂಬಿಗರಿಗೆ ದ್ರಾಕ್ಷಾರಸವನ್ನೂ ಜವೆಯ ಹಿಟ್ಟನ್ನೂ ಒದಗಿಸಿದರು. ಹುಟ್ಟು ಹಾಕುತ್ತಲೇ ಅವರು ದ್ರಾಕ್ಷಾರಸದಲ್ಲಿಯೂ ಎಣ್ಣೆಯಲ್ಲಿಯೂ ಕಲಸಿದ ಹಿಟ್ಟನ್ನು ತಿಂದರು, ಸರದಿಯಲ್ಲಿ ನಿದ್ರಿಸಿದರು. ಮೊದಲ ಹಡಗಿನವರೋ, ಹೊತ್ತ ಕಾರ್ಯ ಹೇಸಿಕೆಯದಾದ್ದರಿಂದ, ನಿಧಾನವಾಗಿ ಸಾಗುತ್ತಿದ್ದರು. ಪಾಕಿಸನು ಆಜ್ಞೆಯನ್ನು ಓದಿಕೊಂಡು ಅದನ್ನು ನೆರವೇರಿಸಲು ಸಿದ್ಧನಾಗುತ್ತಿರುವಾಗ ಎರಡನೆಯ ಹಡಗು ದಡ ಸೇರಿತು.

ಹಾಗೆಂದು ಅಥೆನ್ಸಿಗೆ ಒಮ್ಮೆಲೇ ಜ್ಞಾನೋದಯವಾಯಿತೆಂದಲ್ಲ. ದಂಗೆಯ ಮುಖಂಡರೆಂದು ಸಾವಿರಕ್ಕೆ ಮಿಕ್ಕಿದವರನ್ನು ಕೊಂದೇ ತೀರಿದರು, ಹನ್ನೊಂದು ವರ್ಷಗಳ ತರುವಾಯ ಮೀಲಾಸ್ ದ್ವೀಪದ ಗಂಡಸರನ್ನು ಕೊಲ್ಲಿಸಿದಾಗ ಎರಡನೆಯ ಹಡಗು ಹೊರಡಲೇ ಇಲ್ಲ. ನಾನು ಕೇಳುವುದು ಇಷ್ಟೆ: ಕ್ರಿ.ಪೂ. 427ರ ಅಥೆನ್ಸಿನ ‘ಯುಗಧರ್ಮ’ ಯಾವುದು? ಮೊದಲ ದಿನದ್ದೆ, ಎರಡನೆಯ ದಿನದ್ದೆ? ಕ್ಲಿಯಾನನನ್ನು ಅವನ ಕಾಲದ ಅಳತೆಯಿಂದ ಅಳೆಯಬೇಕೆಂದರೆ, ಅವನ ಎದುರಿಗೆ ನಿಂತು ಮಾತನಾಡಿ ಗೆದ್ದವನಿಗಿಂತ ಹೆಚ್ಚು ಸಮಕಾಲೀನವಾದ ಅಳತೆಗೋಲನ್ನು ಎಲ್ಲಿಂದ ತರೋಣ?

ಇನ್ನು 1944ಕ್ಕೆ ಬರೋಣ. ಆ ವರ್ಷದ ಫೆಬ್ರವರಿ 9ರಂದು ಚಿಚೆಸ್ಟರಿನ ಬಿಷಪ್ ಜಾರ್ಜ್ ಬೆಲ್ಲರು ಪ್ರಭುಗಳ ಸಭೆಯಲ್ಲಿ ಎದ್ದುನಿಂತು, ಜರ್ಮನಿಯ ನಗರಗಳನ್ನು ಇಡಿಯಿಡಿಯಾಗಿ ಸುಡುವ ನೀತಿಗೆ ಸರಕಾರ ಉತ್ತರ ಹೇಳಬೇಕೆಂದು ಕೇಳಿದರು. ಹಿಂದಿನ ಜುಲೈಯಲ್ಲಿ ಹ್ಯಾಂಬರ್ಗಿನ ಅಗ್ನಿಪ್ರಳಯದಲ್ಲಿ ಮೂವತ್ತು ಸಾವಿರಕ್ಕೂ ಮೀರಿ ಜನ ಸತ್ತಿದ್ದರು. ಬೆಲ್ಲರು ಯುದ್ಧವಿರೋಧಿಯಲ್ಲ, ಹಿಟ್ಲರನ ಮಿತ್ರರಂತೂ ಅಲ್ಲವೇ ಅಲ್ಲ. ಹಿಟ್ಲರನು ಕೊಲ್ಲಿಸಿದ ಡೀಟ್ರಿಶ್ ಬಾನ್‌ಹಾಫರರ ಆಪ್ತಸ್ನೇಹಿತರು. ಸೈನ್ಯಕ್ಕೂ ಕಾರ್ಖಾನೆಗೂ ಬಾಂಬು ಹಾಕುವುದನ್ನು ಅವರು ಆಕ್ಷೇಪಿಸಲಿಲ್ಲ; ಒಂದು ಕಾರ್ಖಾನೆ ಇದೆಯೆಂದು ಇಡೀ ಊರನ್ನು ಅಳಿಸುವುದು ನ್ಯಾಯವೆ ಎಂದು ಕೇಳಿದರು. ಕೆಳಮನೆಯಲ್ಲಿ ರಿಚರ್ಡ್ ಸ್ಟೋಕ್ಸ್ ಎಂಬ ಲೇಬರ್ ಸದಸ್ಯರು ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ಇವರು ಅಲ್ಪಸಂಖ್ಯಾತರು, ಜನರಿಗೆ ಅಪ್ರಿಯರು, ನಿಜ. ಆದರೆ ಅವರಿಗೆ ದೊರೆತ ಉತ್ತರವನ್ನು ಗಮನಿಸಬೇಕು. ‘ಹೌದು, ಊರುಗಳನ್ನೇ ಸುಡುತ್ತಿದ್ದೇವೆ, ಅದು ನಮ್ಮ ಕಾಲಕ್ಕೆ ಒಪ್ಪಿತವಾದದ್ದು’ ಎಂದು ಯಾವ ಮಂತ್ರಿಯೂ ಹೇಳಲಿಲ್ಲ. ನಮ್ಮ ಗುರಿ ಸೈನಿಕ ಮತ್ತು ಕೈಗಾರಿಕಾ ನೆಲೆಗಳೆಂದೇ ಹೇಳುತ್ತ ಬಂದರು. ಬಾಂಬು ವಿಮಾನಪಡೆಯ ಮುಖ್ಯಸ್ಥ ಆರ್ಥರ್ ಹ್ಯಾರಿಸ್, ಕ್ರೂರಿಯಾದರೂ ಕಪಟಿಯಲ್ಲದ ಮನುಷ್ಯ, ನಗರಗಳ ನಾಶವೇ ನಮ್ಮ ಉದ್ದೇಶವೆಂದು ಬಹಿರಂಗವಾಗಿ ಸಾರೋಣವೆಂದು 1943ರ ಅಕ್ಟೋಬರಿನಲ್ಲಿಯೇ ಸರಕಾರಕ್ಕೆ ಬರೆದಿದ್ದನು, ಸರಕಾರ ಒಪ್ಪಲಿಲ್ಲ. ಒಂದು ಯುಗದ ಧರ್ಮಬುದ್ಧಿ ಎಲ್ಲಿತ್ತೆಂಬುದನ್ನು ತಿಳಿಯಬೇಕಾದರೆ, ಆ ಯುಗದ ಆಳುವವರು ಏನು ಮಾಡಿದರೆಂಬುದಕ್ಕಿಂತ ಮಾಡಿದ್ದರಲ್ಲಿ ಯಾವುದನ್ನು ಮುಚ್ಚಿಟ್ಟರೆಂಬುದನ್ನು ನೋಡುವುದು ಮೇಲು. ಎಲ್ಲರಿಗೂ ಸರಿಯೆನಿಸಿದ್ದನ್ನು ಯಾರು ತಾನೆ ಮರೆಮಾಚುತ್ತಾರೆ?

ಬಂಗಾಳದ ಕಥೆಯೂ ಹಾಗೆಯೇ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿಗೆ ದಕ್ಕಬಾರದೆಂದು ಸರಕಾರ ಕರಾವಳಿಯ ಜಿಲ್ಲೆಗಳಿಂದ ಅಕ್ಕಿಯನ್ನು ಸಾಗಿಸಿತು, ದೋಣಿಗಳನ್ನು ಕಿತ್ತುಕೊಂಡಿತು, ಮುರಿಸಿತು. ದೋಣಿಯಿಲ್ಲದೆ ಅಲ್ಲಿ ಮೀನೂ ಇಲ್ಲ, ಸಂತೆಯೂ ಇಲ್ಲ. ಅಕ್ಟೋಬರಿನಲ್ಲಿ ಮಿಡ್ನಾಪುರವನ್ನು ಚಂಡಮಾರುತ ಬಡಿಯಿತು. ಅಕ್ಕಿಯ ಬೆಲೆ ಕೂಲಿಕಾರನ ಕೈಗೆಟುಕದಷ್ಟು ಮೇಲೇರಿತು. 1943ರಲ್ಲಿ ಜನ ಕಲ್ಕತ್ತೆಯ ಬೀದಿಗಳಲ್ಲಿ ಬಿದ್ದು ಸತ್ತರು. ವುಡ್‌ಹೆಡ್ ಆಯೋಗ ಸತ್ತವರನ್ನು 15 ಲಕ್ಷವೆಂದು ಅಂದಾಜು ಮಾಡಿತು. ಆಮೇಲಿನ ವಿದ್ವಾಂಸರಲ್ಲಿ ಅನೇಕರು ಅದರ ಇಮ್ಮಡಿಯವರೆಗೂ ಹೋಗುತ್ತಾರೆ. ಆದರೂ ಸರಕಾರ ಕ್ಷಾಮವನ್ನು ಘೋಷಿಸಲಿಲ್ಲ. ಘೋಷಿಸಿದ್ದರೆ ಅದರದೇ ಕ್ಷಾಮ ನಿಯಮಾವಳಿ ಅದರ ಕೊರಳಿಗೆ ಬೀಳುತ್ತಿತ್ತು. ಪತ್ರಿಕೆಗಳ ಬಾಯಿ ಕಟ್ಟಿದ್ದರು. ‘ಸ್ಟೇಟ್ಸ್‌ಮನ್’ ಪತ್ರಿಕೆಯ ಇಂಗ್ಲಿಷ್ ಸಂಪಾದಕ ಇಯಾನ್ ಸ್ಟೀಫನ್ಸರು ಆಗಸ್ಟ್ 22ರ ಭಾನುವಾರ ಬೀದಿಯ ಹೆಣಗಳ ಚಿತ್ರಗಳನ್ನು ಅಚ್ಚುಹಾಕಿದ ಮೇಲೆಯೇ ಲೋಕ ಬೆಚ್ಚಿತು. ಮಿಡ್ನಾಪುರದಲ್ಲಿ ತಿರುಗಿ ಚಿತ್ತಪ್ರಸಾದರು ಬರೆದು ಚಿತ್ರಿಸಿದ ಪುಟ್ಟ ಪುಸ್ತಕದ ಪ್ರತಿಗಳನ್ನು ಸರಕಾರ ವಶಪಡಿಸಿಕೊಂಡು ನಾಶಮಾಡಿತು.

ಇಲ್ಲಿ ಚರ್ಚಿಲ್ಲರ ಪಾಲೆಷ್ಟು? ಅವರ ಪರವಾಗಿ ಹೇಳಬಹುದಾದುದು ಅಲ್ಪವಲ್ಲ. ಚಂಡಮಾರುತವನ್ನು ಅವರು ತರಲಿಲ್ಲ. ಪ್ರಾಂತ ಸರಕಾರದ ಅಸಾಮರ್ಥ್ಯವೂ ಕಾಳದಂಗಡಿಯ ಕ್ರೌರ್ಯವೂ ಅವರವಲ್ಲ. ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸುತ್ತಿದ್ದವು. ಹಡಗಿನ ಅಭಾವ ನೆಪವಲ್ಲ, ನಿಜ. 1944ರ ಏಪ್ರಿಲಿನಲ್ಲಿ ಅವರೇ ರೂಸ್‌ವೆಲ್ಟರಿಗೆ ಬರೆದು, ಆಸ್ಟ್ರೇಲಿಯದಿಂದ ಗೋಧಿ ತರಲು ಹಡಗು ಬೇಡಿದರು, ರೂಸ್‌ವೆಲ್ಟರು ಇಲ್ಲವೆಂದರು. ಇದನ್ನು ಮರೆತು ಚರ್ಚಿಲ್ಲರನ್ನು ಕೊಲೆಗಾರನೆಂದು ಕೂಗುವುದು ಇತಿಹಾಸವಲ್ಲ. ಆದರೆ ಆ ಪತ್ರ ಹೊರಟಾಗ ಕ್ಷಾಮದ ಭೀಕರ ತಿಂಗಳುಗಳು ಮುಗಿದಿದ್ದವು. ಹಿಂದಿನ ವರ್ಷ ಭಾರತ ಐದು ಲಕ್ಷ ಟನ್ ಧಾನ್ಯ ಕೇಳಿದಾಗ ಲಂಡನ್ನಿನ ಯುದ್ಧಮಂತ್ರಿಮಂಡಲ ಕೊಟ್ಟದ್ದು ಅದರ ಸಣ್ಣ ಪಾಲು. ಮತ್ತು ಆ ಜಿಪುಣತನಕ್ಕೆ ಹಡಗಿನ ಲೆಕ್ಕವೊಂದೇ ಕಾರಣವಲ್ಲವೆಂದು ಹೇಳಿದವರು ನಮ್ಮ ಕಾಲದವರಲ್ಲ.

ಹೇಳಿದವರು ಯಾರು? ಭಾರತ ಸಚಿವ ಲಿಯೊ ಎಮೆರಿ. ಇವರನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹ್ಯಾರೋ ಶಾಲೆಯಲ್ಲಿ ಚರ್ಚಿಲ್ಲರ ಜತೆಯವರು. ಕುಳ್ಳಗಿದ್ದ ಈ ಹಿರಿಯ ವಿದ್ಯಾರ್ಥಿಯನ್ನು ಚಿಕ್ಕವನೆಂದು ಭ್ರಮಿಸಿ ಬಾಲಕ ಚರ್ಚಿಲ್ ಈಜುಕೊಳಕ್ಕೆ ನೂಕಿದ್ದನ್ನು ಸ್ವತಃ ಚರ್ಚಿಲ್ಲರೇ ಆತ್ಮಚರಿತ್ರೆಯಲ್ಲಿ ಬರೆದುಕೊಂಡಿದ್ದಾರೆ. ಕನ್ಸರ್ವೇಟಿವ್ ಪಕ್ಷದವರು, ಕಟ್ಟಾ ಸಾಮ್ರಾಜ್ಯವಾದಿ. 1940ರ ಮೇ ತಿಂಗಳಲ್ಲಿ ಚೇಂಬರ್ಲಿನ್ನರನ್ನು ಕೆಳಗಿಳಿಸಿ ಚರ್ಚಿಲ್ಲರ ದಾರಿ ತೆರೆದ ಭಾಷಣ ಇವರದು. ಭಾರತವನ್ನು ಕುರಿತು ಚರ್ಚಿಲ್ಲರ ದೃಷ್ಟಿಗೂ ಹಿಟ್ಲರನ ದೃಷ್ಟಿಗೂ ತಮಗೆ ಹೆಚ್ಚಿನ ಭೇದ ಕಾಣಲಿಲ್ಲವೆಂದು 1944ರ ಆಗಸ್ಟಿನ ದಿನಚರಿಯಲ್ಲಿ ಬರೆದಿಟ್ಟವರು ಇದೇ ಎಮೆರಿ. 1943ರ ಅಕ್ಟೋಬರಿನಲ್ಲಿ ವೈಸರಾಯ್ ಪದವಿಗೆ ಬಂದ ವೇವೆಲ್ಲರು, ಆಜನ್ಮ ಸೈನಿಕರು, ಒಂದು ವಾರದೊಳಗಾಗಿ ಕಲ್ಕತ್ತೆಗೆ ಹೋಗಿ ಬೀದಿಗಳನ್ನು ಕಣ್ಣಾರೆ ಕಂಡು ಪರಿಹಾರಕ್ಕೆ ಸೈನ್ಯವನ್ನು ಇಳಿಸಿದರು. ಬ್ರಿಟಿಷ್ ಆಳ್ವಿಕೆಯಲ್ಲಿ ಯಾವ ಜನಕ್ಕೂ ಒದಗಿದ ಅತಿ ದೊಡ್ಡ ಅನಾಹುತಗಳಲ್ಲಿ ಇದೊಂದೆಂದು ಲಂಡನ್ನಿಗೆ ತಿಳಿಸಿದರು, ಧಾನ್ಯಕ್ಕಾಗಿ ತಿಂಗಳುಗಟ್ಟಲೆ ಜಗಳವಾಡಿದರು. ಪ್ರತಿಮೆಯ ಮೇಲೆ ಬಣ್ಣ ಬಳಿದ ಅನಾಮಧೇಯನನ್ನು ಬಯ್ಯುವವರು ಎಮೆರಿಯವರ ದಿನಚರಿಯನ್ನೊಮ್ಮೆ ತೆರೆಯಲಿ. ಪ್ರತಿಮೆಯ ಮೇಲೆ ಬರೆದವನು ಎಷ್ಟು ಸೌಮ್ಯನೆಂಬುದು ಗೊತ್ತಾದೀತು.

ಯುದ್ಧ ಗೆದ್ದುಕೊಟ್ಟವರ ಲೆಕ್ಕ ಕೇಳಬಾರದೆನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ.

‘ಅವರ ಕಾಲ’ವೆಂಬ ವಾದಕ್ಕೆ ಒಬ್ಬ ಹಿರಿಯಣ್ಣನಿದ್ದಾನೆ, ಅವನ ಹೆಸರು ‘ಆ ದೇಶ’. ವಾರನ್ ಹೇಸ್ಟಿಂಗ್ಸನ ಮೇಲೆ 1788ರಲ್ಲಿ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ವಿಚಾರಣೆ ಆರಂಭವಾದಾಗ, ಪೂರ್ವದೇಶದಲ್ಲಿ ನಿರಂಕುಶ ಪ್ರಭುತ್ವವೇ ವಾಡಿಕೆ, ಇಂಗ್ಲೆಂಡಿನ ನೀತಿಯಿಂದ ಅಲ್ಲಿಯ ಆಡಳಿತವನ್ನು ಅಳೆಯಲಾಗದೆಂಬ ಸಮರ್ಥನೆ ಹುಟ್ಟಿತ್ತು. ರೇಖಾಂಶ ದಾಟಿದೊಡನೆ ಧರ್ಮ ಬದಲಾಗುವುದೇ ಎಂದು ಎಡ್ಮಂಡ್ ಬರ್ಕನು ಅದನ್ನು ಚಿಂದಿಮಾಡಿದನು. ಏಳು ವರ್ಷಗಳ ಮೇಲೆ ಹೇಸ್ಟಿಂಗ್ಸ್ ಬಿಡುಗಡೆಯಾದನು, ಅದು ಬೇರೆ ಮಾತು. ಆ ಸಮರ್ಥನೆ ಸಾಲದೆಂದು ಹದಿನೆಂಟನೆಯ ಶತಮಾನವೇ ಬಲ್ಲದಾಗಿತ್ತೆಂಬುದು ಮುಖ್ಯ.

ಕೊನೆಗೆ ಚರ್ಚಿಲ್ಲರನ್ನು ಅಳೆಯಲು ಬೆಲ್ಲರೂ ಬೇಡ, ಎಮೆರಿಯೂ ಬೇಡ, ಚರ್ಚಿಲ್ಲರೇ ಸಾಕು. 1920ರ ಜುಲೈ 8ರಂದು, ಯುದ್ಧಸಚಿವರಾಗಿದ್ದ ಅವರು ಜಲಿಯನ್‌ವಾಲಾ ಬಾಗಿನ ಹತ್ಯೆಯನ್ನು ಕುರಿತು ಕೆಳಮನೆಯಲ್ಲಿ ಮಾತನಾಡಿದರು. ಡಯರನನ್ನು ಹೊಗಳುವವರಿಂದ ಸಭೆ ತುಂಬಿತ್ತು. ‘ಕಾಲದ ಮನುಷ್ಯ’ ಆಗಬೇಕೆಂದಿದ್ದರೆ ಹೊಗಳುವುದಕ್ಕೆ ಅದೇ ಸಮಯ. ಅವರು ಹೊಗಳಲಿಲ್ಲ. ಎದುರಿಗಿರುವ ಗುಂಪನ್ನು ಮಾತ್ರವಲ್ಲದೆ ಇಡೀ ಸೀಮೆಯನ್ನು ನಡುಗಿಸುವ ಉದ್ದೇಶದಿಂದ ನಡೆಸುವ ಕೊಲೆಯನ್ನು ಯಾವ ರೂಪದಲ್ಲಿಯೂ ಬ್ರಿಟನ್ ಒಪ್ಪಲಾರದೆಂದು ಸ್ಪಷ್ಟವಾಗಿ ಹೇಳಿದರು. ಅದು ಅವರ ಜೀವನದ ಅತ್ಯುತ್ತಮ ಭಾಷಣಗಳಲ್ಲಿ ಒಂದೆಂದು ನನ್ನ ಅಭಿಪ್ರಾಯ. ಡ್ರೆಸ್ಡೆನ್ ಸುಟ್ಟುಹೋಗಿ ಆರು ವಾರಗಳಾದ ಮೇಲೆ, 1945ರ ಮಾರ್ಚ್ 28ರಂದು, ಅದೇ ಚರ್ಚಿಲ್ಲರು ಸೇನಾಮುಖ್ಯರಿಗೆ ಟಿಪ್ಪಣಿಯೊಂದನ್ನು ಕಳುಹಿಸಿ, ಬೇರೆ ನೆಪಗಳನ್ನು ಮುಂದೊಡ್ಡಿ ಕೇವಲ ಭೀತಿಯನ್ನು ಹೆಚ್ಚಿಸುವುದಕ್ಕೋಸ್ಕರ ಜರ್ಮನ್ ನಗರಗಳಿಗೆ ಬಾಂಬು ಹಾಕುವುದನ್ನು ಪುನರ್ವಿಚಾರಿಸುವ ಸಮಯ ಬಂದಿದೆಯೆಂದು ಬರೆದರು. ವಾಯುಪಡೆಯ ಹಿರಿಯರು ಪ್ರತಿಭಟಿಸಿದರು. ಟಿಪ್ಪಣಿಯನ್ನು ಹಿಂದಕ್ಕೆ ಪಡೆದು, ‘ಭೀತಿ’ಯನ್ನೂ ‘ನೆಪ’ವನ್ನೂ ತೆಗೆದುಹಾಕಿ, ಏಪ್ರಿಲ್ 1ರಂದು ಇನ್ನೊಂದನ್ನು ಕಳುಹಿಸಿದರು.

ಯುದ್ಧ ಮುಗಿದಮೇಲೆ ಅವರು ಅದರ ಇತಿಹಾಸವನ್ನು ಆರು ಸಂಪುಟಗಳಲ್ಲಿ ಬರೆದರು. 1953ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕ ಬಂದಿತು. ತಂತಿಗಳು, ಟಿಪ್ಪಣಿಗಳು, ಹಡಗುಗಳ ಟನ್ನುಗಳು, ಔತಣಗಳ ವಿವರಗಳು, ಎಲ್ಲಕ್ಕೂ ಅಲ್ಲಿ ಎಡೆಯಿದೆ. ಬಂಗಾಳದ ಕ್ಷಾಮಕ್ಕೆ ಸಿಕ್ಕಿರುವ ಸ್ಥಳ ಮಾತ್ರ ಇಲ್ಲವೆನ್ನುವಷ್ಟು ಅಲ್ಪ. ತಮ್ಮ ಕಾಲದ ಓದುಗರಿಗೆ ಯಾವುದು ಸಲ್ಲುವುದು, ಯಾವುದು ಸಲ್ಲದೆಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲ ಲೇಖಕರು ಬಹಳ ಮಂದಿ ಇರಲಿಲ್ಲ.