ವಿನೋದ್ ರಾಜ್ ಫೇಲ್ ಆದ್ರಾ?

ಗಣೇಶನ ಹಬ್ಬದ ರಾತ್ರಿ ನಮ್ಮೂರಿನ ಆರ್ಕೆಸ್ಟ್ರಾದಲ್ಲಿ ‘ಡ್ಯಾನ್ಸ್ ರಾಜಾ ಡ್ಯಾನ್ಸ್’ ಹಾಡು ಬಂತು. ಶಿಳ್ಳೆಯೋ ಶಿಳ್ಳೆ. ಹಾಡು ಮುಗಿದ ಮೇಲೆ ಪಕ್ಕದಲ್ಲಿ ಕೂತಿದ್ದ ಪಿಯುಸಿ ಹುಡುಗ ಕೇಳಿದ: “ಅಣ್ಣ, ಆ ಹೀರೋ ಎಲ್ಲೋದ್ರು? ಫೇಲ್ ಆಗ್ಬಿಟ್ರಾ?”

ಆ ‘ಫೇಲ್’ ಅನ್ನೋ ಮಾತು ಮನೆಗೆ ಬಂದ ಮೇಲೂ ತಲೇಲಿ ಸುತ್ತುತ್ತಿತ್ತು.

ವಿನೋದ್ ರಾಜ್ ಹಿರಿಯ ನಟಿ ಲೀಲಾವತಿ ಅವರ ಮಗ. 1987ರಲ್ಲಿ ದ್ವಾರಕೀಶ್ ನಿರ್ದೇಶನದ ‘ಡ್ಯಾನ್ಸ್ ರಾಜಾ ಡ್ಯಾನ್ಸ್’ ಮೂಲಕ ಹೀರೋ ಆದರು. ಹಿಂದಿಯಲ್ಲಿ ಮಿಥುನ್ ಚಕ್ರವರ್ತಿ ಕುಣಿತದ ಹುಚ್ಚು ಹಿಡಿಸಿದ್ದ ಕಾಲ ಅದು. ನಮ್ಮಲ್ಲೂ ಹಂಗೆ ಕುಣಿಯೋನು ಒಬ್ಬ ಬಂದ ಅಂತ ಜನ ಖುಷಿಪಟ್ಟರು.

ಎಡವಟ್ಟಾಗಿದ್ದೂ ಅಲ್ಲೇ ಅನ್ನೋದು ನನ್ನ ಅಭಿಪ್ರಾಯ. 1989ರಲ್ಲಿ ಬಂದ ಚಿತ್ರದ ಹೆಸರು ‘ಕೃಷ್ಣ ನೀ ಕುಣಿದಾಗ’. ಹೆಸರಲ್ಲೂ ಕುಣಿತವೇ! ಆಮೇಲೆ 1997ರಲ್ಲಿ ಎಸ್. ನಾರಾಯಣ್ ಅವರ ‘ಮಹಾಭಾರತ’ದಲ್ಲೂ ನಟಿಸಿದರು. ಆದರೂ ನಮ್ಮ ನೆನಪಲ್ಲಿ ಉಳಿದದ್ದು ಅವರ ಕಾಲು ಮಾತ್ರ. ಕುಣಿಯೋನಿಗೆ ಅಳೋದೂ ಬರುತ್ತೆ ಅಂತ ಚಿತ್ರರಂಗ ಹೆಚ್ಚು ನಂಬಲಿಲ್ಲ. ನಾವು ಪ್ರೇಕ್ಷಕರೂ ಕೇಳಲಿಲ್ಲ.

ಅವಕಾಶ ಕಮ್ಮಿಯಾದ ಮೇಲೆ ಅವರೇನೂ ಕಾಣೆಯಾಗಲಿಲ್ಲ. ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ ತಾಯಿ ಜೊತೆ ತೋಟ ಮಾಡಿಕೊಂಡು ಬದುಕಿದರು. ತಾಯಿ ಮಗ ಸೇರಿ ಊರಿಗೊಂದು ಆಸ್ಪತ್ರೆ ಕಟ್ಟಿಸಿದರು. ದನಕರುಗಳಿಗೂ ಪಶು ಆಸ್ಪತ್ರೆ ಕಟ್ಟಿಸಿದರು. ಅದು ಉದ್ಘಾಟನೆಯಾಗಿದ್ದು 2023ರ ನವೆಂಬರ್‌ನಲ್ಲಿ. ಡಿಸೆಂಬರ್ 8ಕ್ಕೆ ಲೀಲಾವತಿಯಮ್ಮ ತೀರಿಕೊಂಡರು. ವಯಸ್ಸಾದ ತಾಯಿಯನ್ನು ಕೊನೇವರೆಗೂ ಜೊತೆಗಿದ್ದು ನೋಡಿಕೊಂಡಿದ್ದು ಇದೇ ಡ್ಯಾನ್ಸ್ ರಾಜ.

ರಾತ್ರಿ ಹನ್ನೆರಡಕ್ಕೆ ಹಸು ಕರು ಹಾಕಲಾಗದೆ ಒದ್ದಾಡುವಾಗ ಡಾಕ್ಟರಿಗೆ ಫೋನ್ ಹಚ್ಚಿ ಹಚ್ಚಿ ಸಾಕಾದವರಿಗೆ ಈ ಆಸ್ಪತ್ರೆಯ ಬೆಲೆ ಬಿಡಿಸಿ ಹೇಳಬೇಕಿಲ್ಲ. ನೂರು ದಿನ ಓಡಿದ ಸಿನಿಮಾದ ಪೋಸ್ಟರ್ ಮಳೆಗೆ ಹರಿದುಹೋಗುತ್ತೆ. ಈ ಕಟ್ಟಡ ನಿಲ್ಲುತ್ತೆ.

ಹಂಗಂತ ಕಲಾವಿದರು ಕಟ್ಟಿಸಿಕೊಡಲಿ ಅಂತ ಸರ್ಕಾರ ಕೈಕಟ್ಟಿ ಕೂರೋ ಹಂಗಿಲ್ಲ. ದಾನಿಗಳು ಗೋಡೆ ಎಬ್ಬಿಸಬಹುದು. ಒಳಗೆ ಡಾಕ್ಟರು, ಔಷಧಿ ದಿನಾ ಇರೋ ಹಂಗೆ ನೋಡಿಕೊಳ್ಳೋದು ಸರ್ಕಾರದ ಕೆಲಸ. ಎಲ್ಲೇ ಆಗಲಿ, ದಾನಿ ಕಟ್ಟಿಸಿದ ಆಸ್ಪತ್ರೆಗೆ ಬೀಗ ಬಿದ್ದರೆ ಅವತ್ತು ಫೇಲ್ ಆಗೋದು ದಾನಿಯಲ್ಲ, ನಾವು.

ಆ ಹುಡುಗನೂ ಚೆನ್ನಾಗಿ ಕುಣಿತಾನೆ. “ಕುಣಿದು ಏನ್ ಕಿಸಿತೀಯ” ಅಂತ ಅವರಪ್ಪ ಬೈತಾರಂತೆ. ಮುಂದಿನ ಸಲ ಸಿಕ್ಕಾಗ ಹೇಳ್ತೀನಿ: ತಮ್ಮಾ, ಅವರು ಫೇಲ್ ಆಗಿಲ್ಲ. ಕುಣಿಯೋದು ನಿಲ್ಲಿಸಿದ ಮೇಲೂ ಊರಿಗೆ ಬೇಕಾದೋರಾಗಿ ಉಳಿದರು. ನೀನೂ ಕುಣಿ. ಆಮೇಲೆ ಊರನ್ನ ಮರೀಬೇಡ.