ಉಂಡ ಎಲೆ ಎತ್ತುವವರಾರು?

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ಹಿರಿಯರು ಹೇಳುವುದುಂಟು. ಜಪಾನು ದೇಶವನ್ನು ನಾನು ಸುತ್ತಿಲ್ಲ; ಅದನ್ನು ಕುರಿತು ಓದಿದ್ದೇನೆ, ಹೋಗಿ ಬಂದವರ ಮಾತನ್ನು ಕೇಳಿದ್ದೇನೆ. ಆ ದೇಶ ನಮಗೆ ತೀರ ಅಪರಿಚಿತವೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ೧೮೯೮ರಲ್ಲಿಯೇ ಅಲ್ಲಿಗೆ ಹೋಗಿ, ಆ ಜನರ ಉದ್ಯಮವನ್ನೂ ಶಿಕ್ಷಣವನ್ನೂ ಕಣ್ಣಾರೆ ಕಂಡು ಬಂದರು. ೧೯೯೧ರಿಂದ ಜಪಾನಿನ ತಜ್ಞರು ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೊಡನೆ ದುಡಿದುದರ ಫಲವಾಗಿ ಹೊಸ ದ್ವಿತಳಿ ರೇಷ್ಮೆಹುಳುಗಳು ರೈತರ ಮನೆಗೆ ಬಂದವು. ಬಿಡದಿಯ ಟೊಯೋಟ ಕಾರ್ಖಾನೆಯವರು ೨೦೦೭ರಲ್ಲಿ ತೆರೆದ ತರಬೇತಿ ಶಾಲೆಯಲ್ಲಿ ಕರ್ನಾಟಕದ ಹಳ್ಳಿಗಳ ಬಡ ಹುಡುಗರು ಕಲಿಯುತ್ತಿದ್ದಾರೆ. ಕುಶಲ ಕೆಲಸಗಾರರು ಅಲ್ಲಿಗೆ ಹೋಗಿ ದುಡಿಯಲೆಂದು ೨೦೨೧ರಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದವೂ ಆಗಿದೆ. ಹೀಗಿರಲು ನಾಳೆ ಹುಲ್ಲಹಳ್ಳಿಯ ಕಡೆಯವರೊಬ್ಬರು ಟೋಕಿಯೋದಲ್ಲಿ ಇಳಿದರೆ ಆಶ್ಚರ್ಯವೇನೂ ಇಲ್ಲ. ಅವರು ಅಲ್ಲಿ ಹೇಗೆ ನಡೆದುಕೊಳ್ಳಬೇಕು?

ಬಲ್ಲವರು ಹೇಳುವ ಬುದ್ಧಿವಾದದ ಪಟ್ಟಿ ಉದ್ದವಾಗಿದೆ. ಮನೆಯ ಬಾಗಿಲೊಳಗೆ ‘ಗೆಂಕಾನ್’ ಎಂಬ ತಗ್ಗು ಜಾಗವಿರುತ್ತದೆ. ಪಾದರಕ್ಷೆಗಳನ್ನು ಅಲ್ಲಿಯೇ ಬಿಡಬೇಕು. ಶೌಚಗೃಹಕ್ಕೆ ಬೇರೆಯೇ ಚಪ್ಪಲಿ. ಬಿಸಿನೀರಿನ ತೊಟ್ಟಿಗೆ ಇಳಿಯುವ ಮುನ್ನ ಹೊರಗೆ ಕುಳಿತು ಮೈಯುಜ್ಜಿ ತೊಳೆದುಕೊಳ್ಳಬೇಕು. ಏಕೆಂದರೆ ಅದೇ ನೀರಿಗೆ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಇಳಿಯುವವರು. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸಬಾರದು. ಅದು ಸತ್ತವರಿಗೆ ಎಡೆ ಇಡುವ ಕ್ರಮ. ರೈಲಿನಲ್ಲಿ ಕುಳಿತು ಫೋನಿನಲ್ಲಿ ಮಾತನಾಡಬಾರದು. ಹೋಟೆಲಿನಲ್ಲಿ ಇನಾಮು ಕೊಡುವ ವಾಡಿಕೆಯಿಲ್ಲ. ಬೀದಿಯಲ್ಲಿ ಕಸದ ತೊಟ್ಟಿಗಳೂ ಅಪರೂಪ. ೧೯೯೫ರಲ್ಲಿ ಟೋಕಿಯೋ ಸುರಂಗ ರೈಲಿನಲ್ಲಿ ದುಷ್ಟರು ವಿಷಾನಿಲ ಬಿಟ್ಟ ಮೇಲೆ ಇದ್ದ ತೊಟ್ಟಿಗಳನ್ನೂ ಎಷ್ಟೋ ಕಡೆ ತೆಗೆದರು. ಆದರೂ ಬೀದಿಗಳು ಹೊಲಸಾಗಲಿಲ್ಲ. ಜನ ತಮ್ಮ ಕಸವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಾರೆ.

ಇದನ್ನೆಲ್ಲ ಮಗ್ಗಿಯಂತೆ ಬಾಯಿಪಾಠ ಮಾಡಬೇಕಾಗಿಲ್ಲ. ಇವುಗಳಲ್ಲಿ ಬಹುಪಾಲಿಗೆ ಬೇರು ಒಂದೇ. ‘ಮೆಯ್ವಾಕು’ ಎಂಬ ಮಾತು ಜಪಾನೀಯರ ಬಾಯಲ್ಲಿ ಪದೇ ಪದೇ ಬರುತ್ತದಂತೆ. ತನ್ನಿಂದ ಪರರಿಗೆ ಆಗುವ ತೊಂದರೆ ಎಂದು ಅದರ ಅರ್ಥ. ನನ್ನ ಕಾಲಿನ ಧೂಳು, ನನ್ನ ಮೈಯ ಕೊಳೆ, ನನ್ನ ಬಾಯಿಯ ಗದ್ದಲ, ನನ್ನ ಕೈಯ ಕಸ ಇನ್ನೊಬ್ಬರ ಪಾಲಾಗಬಾರದು. ಇಷ್ಟನ್ನು ತಿಳಿದು ಹೋದವರು ಅಲ್ಲಿ ಹೆಚ್ಚು ಎಡವಲಾರರು.

ನಮಗೆ ಇದು ಹೊಸ ಪಾಠವೇ ಎಂದು ಕೆಲವರು ಕೇಳಬಹುದು. ಬಾಗಿಲಲ್ಲಿ ಚಪ್ಪಲಿ ಬಿಡುವುದು, ನೆಂಟರಿಗೆ ಕಾಲು ತೊಳೆಯಲು ನೀರು ಕೊಡುವುದು, ಎಂಜಲಿನ ವಿಚಾರದಲ್ಲಿ ಎಚ್ಚರದಿಂದಿರುವುದು ನಮ್ಮ ಹಳ್ಳಿಗಳಲ್ಲಿ ಇಲ್ಲವೆ? ಅಹುದು, ಇದೆ. ಬೆಳಗಾಗುವ ಮುನ್ನ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡುವ ನಮ್ಮ ತಾಯಂದಿರಿಗೆ ಯಾವ ಜಪಾನೀಯರೂ ಶುಚಿತ್ವವನ್ನು ಕಲಿಸಬೇಕಾಗಿಲ್ಲ. ಆದರೆ ನಮ್ಮ ಶುಚಿತ್ವ ಅಂಗಳದ ಅಂಚಿಗೆ ನಿಂತುಬಿಡುತ್ತದೆ. ಮನೆಯ ಕಸವನ್ನು ಬೀದಿಗೆ ತಳ್ಳಿದರೆ ನಮ್ಮ ಮನೆ ಚೊಕ್ಕಟವಾಯಿತು. ಜಾತ್ರೆಗೆ ಹೋಗಿ ಕಪಿಲೆಯಲ್ಲಿ ಮುಳುಗೆದ್ದು ಪುಣ್ಯವನ್ನು ಕಟ್ಟಿಕೊಂಡು, ಹಳೆಯ ಬಟ್ಟೆಯನ್ನು ಹೊಳೆಗೆ ಬಿಟ್ಟು ಬರುತ್ತೇವೆ.

ಇದಕ್ಕೆ ಸೋಮಾರಿತನವೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಬೀದಿಯ ಕಸವನ್ನು ಎತ್ತುವುದಕ್ಕೆಂದೇ ಹುಟ್ಟಿದವರು ಬೇರೆ ಇದ್ದಾರೆಂಬ ನಂಬಿಕೆ ನಮ್ಮ ರಕ್ತದಲ್ಲಿ ಇಳಿದಿದೆ. ನಮ್ಮ ಕಡೆಯ ಔತಣದ ಪಂಕ್ತಿಯನ್ನೇ ನೆನೆಯಿರಿ. ದೊಡ್ಡವರೆನಿಸಿಕೊಂಡವರು ಉಂಡು ಕೈ ತೊಳೆಯಲು ಏಳುತ್ತಾರೆ. ಎಲೆಯನ್ನು ಬೇರೆಯವರು ಎತ್ತುತ್ತಾರೆ. ‘ನಿನ್ನ ಎಲೆ ನೀನೇ ಎತ್ತು’ ಎಂಬ ಮಾತು ಬಂದರೆ, ಅದು ಯಾರಿಗೆ ಬರುತ್ತದೆ, ಏಕೆ ಬರುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ತನ್ನ ಎಲೆಯನ್ನು ತಾನೇ ಎತ್ತುವುದು ಇಲ್ಲಿ ಅವಮಾನದ ಗುರುತು. ಜಪಾನಿನಲ್ಲಿ ಉಂಡ ತಟ್ಟೆಯನ್ನು ತಾನೇ ಒಯ್ದು ಇಡುವುದು ಎಲ್ಲರ ಮರ್ಯಾದೆ. ಅಲ್ಲಿಯ ಶಾಲೆಗಳಲ್ಲಿ ಮಕ್ಕಳೇ ಸರದಿಯಂತೆ ಊಟ ಬಡಿಸುತ್ತಾರೆ. ತರಗತಿಯನ್ನೂ ಪಡಸಾಲೆಯನ್ನೂ ಅನೇಕ ಕಡೆ ಶೌಚಗೃಹವನ್ನೂ ತಾವೇ ಗುಡಿಸಿ ಒರೆಸುತ್ತಾರೆ. ಶ್ರೀಮಂತರ ಮಗನೂ ಕೂಲಿಯವರ ಮಗನೂ ಒಂದೇ ಬಟ್ಟೆ ಹಿಡಿದು ಒಂದೇ ನೆಲವನ್ನು ಒರೆಸುತ್ತಾರೆ.

ಹಾಗೆಂದು ಜಪಾನು ಸ್ವರ್ಗವಲ್ಲ. ಚರ್ಮದ ಕೆಲಸ, ಕಸಾಯಿಯ ಕೆಲಸ ಮಾಡುತ್ತಿದ್ದವರನ್ನು ಅಲ್ಲಿಯೂ ಹುಟ್ಟಿನಿಂದಲೇ ಕೀಳೆಂದು ದೂರವಿಟ್ಟಿದ್ದರು. ೧೮೭೧ರಲ್ಲಿ ಸರ್ಕಾರ ಆ ಭೇದವನ್ನು ರದ್ದುಮಾಡಿತು. ಜನರ ಮನಸ್ಸು ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ. ಆ ಜನರೇ ೧೯೨೨ರಲ್ಲಿ ಸಂಘ ಕಟ್ಟಿ ಸಮಾನತೆಗಾಗಿ ಹೋರಾಡಬೇಕಾಯಿತು. ಆದುದರಿಂದ ಪೊರಕೆ ಹಿಡಿದ ಮಾತ್ರಕ್ಕೆ ಭೇದವೆಲ್ಲ ಅಳಿಯುವುದೆಂದು ನಾನು ಹೇಳುತ್ತಿಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ತೂಕವುಳ್ಳದ್ದು. ೨೦೨೩ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿಯನ್ನು ನಾವೆಲ್ಲ ಓದಿದೆವು. ವಿದ್ಯಾರ್ಥಿಗಳ ಕೈಗೆ ಪೊರಕೆ ಕೊಟ್ಟರೆ ಅದು ಕೊನೆಗೆ ಯಾರ ಕೈಗೆ ಬರುತ್ತದೆ ಎಂಬ ಭಯ ಸಹಜವಾದುದು. ಆ ಭಯ ನನಗೂ ಇದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಪೊರಕೆಯಿಂದ ಬಿಡುಗಡೆಯಾಗಲಿ ಎಂದೇ ಹೆತ್ತವರು ಮಕ್ಕಳನ್ನು ಓದಿಗೆ ಕಳುಹಿಸುವುದೆಂದು ಬಲ್ಲೆ. ಆದರೆ ಕೆಲವರನ್ನು ಆರಿಸಿ ಮಾಡಿಸಿದರೆ ಅದು ದೌರ್ಜನ್ಯ. ಎಲ್ಲರೂ ಸರದಿಯಂತೆ ಮಾಡಿದರೆ ಅದು ಶಿಕ್ಷಣ. ನಡುವಿನ ಗೆರೆ ಇದೇ, ಇದನ್ನು ಮರೆಯಬಾರದು. ಗುಂಡಿಯ ಕೆಲಸ ಯಂತ್ರದ್ದು. ಅದಕ್ಕೆ ಯಾವ ಮನುಷ್ಯನನ್ನೂ ಇಳಿಸಬಾರದು. ನೆಲ, ಬೆಂಚು, ಕರಿಹಲಗೆಗಳ ಕೆಲಸ ಅವನ್ನು ಬಳಸುವವರೆಲ್ಲರದು.

ಆದುದರಿಂದ ನನ್ನ ಸಲಹೆ ಇಷ್ಟೆ. ವರ್ಷಕ್ಕೊಮ್ಮೆ ಭಾವಚಿತ್ರಕ್ಕಾಗಿ ನಡೆಯುವ ಶ್ರಮದಾನ ಸಾಲದು. ಪ್ರತಿ ಶನಿವಾರ ಕೊನೆಯ ಅರ್ಧ ಗಂಟೆ ನಮ್ಮ ತರಗತಿಗಳನ್ನು ನಾವೇ ಗುಡಿಸೋಣ. ಹಾಜರಿ ಪುಸ್ತಕದ ಕ್ರಮದಲ್ಲಿ ಸರದಿ ಬರಲಿ. ಹುಡುಗಿಯರಿಗೆ ಪೊರಕೆ, ಹುಡುಗರಿಗೆ ಮೇಲ್ವಿಚಾರಣೆ ಎಂಬ ಹಂಚಿಕೆ ಬೇಡ. ಗುರುಗಳ ಹೆಸರೂ ಆ ಸರದಿಯಲ್ಲಿರಲಿ ಎಂದು ವಿನಯದಿಂದ ಕೇಳಿಕೊಳ್ಳುತ್ತೇನೆ. ಜವಾನರ ಕೆಲಸಕ್ಕೆ ಇದರಿಂದ ಕುಂದು ಬರಬಾರದು. ಆ ಅರ್ಧ ಗಂಟೆ ಅವರು ಕುಳಿತು ಕಾಫಿ ಕುಡಿಯಲಿ. ಜಪಾನಿನಿಂದ ರೇಷ್ಮೆಹುಳು ಬಂತು, ಕಾರೂ ಬಂತು. ಅವೆರಡಕ್ಕೂ ಹಣ ಬೇಕಾಯಿತು. ಇದಕ್ಕೆ ಹತ್ತು ಪೊರಕೆ ಸಾಕು.